ಹಳೇ ಥಿಂಕ್‌ಪ್ಯಾಡಿಗೆ ಸೇಬಿನ ವೇಷ

(ಆಕ್ಲೆಂಡಿನಲ್ಲಿ ಕನ್ನಡಿಗ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ಊಟಕ್ಕೆ ಮುಂಚೆ ಮಾತಾಡು ಅಂತ ನಿಲ್ಲಿಸಿದಾರೆ. ಒಳಗಡೆಯಿಂದ ಬಿಸಿಬೇಳೆಬಾತಿನ ಘಮ ಬರ್ತಾ ಇದೆ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೇ ಬರ್ತೀನಿ.

ಕಳೆದ ಕೆಲವು ತಿಂಗಳಲ್ಲಿ ನಮ್ಮವರೇ ಮೂರು ಜನ, ಒಬ್ಬರಿಗೊಬ್ಬರು ಪರಿಚಯ ಇಲ್ಲದವರು, ನನ್ನ ಹತ್ರ ಒಂದೇ ಪ್ರಶ್ನೆ ಕೇಳಿದರು. "ಅಣ್ಣ, ಎಕ್ಸ್-ಲೀಸ್ ಲ್ಯಾಪ್‌ಟಾಪ್ ತಗೊಂಡು, ಅದಕ್ಕೆ ಆಪಲ್‌ನವರ ಮ್ಯಾಕ್ ಓಎಸ್ ಹಾಕಿ ಟ್ರೇಡ್ ಮಿಯಲ್ಲಿ ಮಾರಬಹುದಾ?" ಒಬ್ಬ ಇಲ್ಲಿ ಓದ್ತಾ ಇರೋ ಹುಡುಗ, ಒಬ್ಬ ವರ್ಕ್ ವೀಸಾದಲ್ಲಿ ಇರೋನು, ಇನ್ನೊಬ್ಬರು ರೆಸಿಡೆನ್ಸಿ ಸಿಕ್ಕಿ ಮನೆ ಸಾಲ ಕಟ್ತಾ ಇರೋರು. ಮೂವರೂ ಚುರುಕು, ಮೂವರೂ ಕೈಯಾರೆ ಇದನ್ನು ಮಾಡಿ ನೋಡಿ ಗೆದ್ದವರು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳೋ ಬದಲು ಎಲ್ಲರ ಮುಂದೆ ಒಂದೇ ಸಲ ಹೇಳೋಣ ಅನ್ನಿಸಿತು.

ಹೊಸಬರಿಗೆ ಒಂದು ಮಾತು. ಇಲ್ಲಿನ ಕಂಪನಿಗಳು, ಸ್ಕೂಲುಗಳು, ಸರಕಾರಿ ಕಚೇರಿಗಳು ಲ್ಯಾಪ್‌ಟಾಪ್‌ಗಳನ್ನು ಮೂರು ನಾಲ್ಕು ವರ್ಷದ ಲೀಸಿಗೆ ತಗೋತಾರೆ. ಅವಧಿ ಮುಗಿದ ಮೇಲೆ ಅವು ಗುಂಪು ಗುಂಪಾಗಿ ಹೊರಗೆ ಬರುತ್ತವೆ. ಅದಕ್ಕೇ ಎಕ್ಸ್-ಲೀಸ್ ಅನ್ನೋದು. ಥಿಂಕ್‌ಪ್ಯಾಡ್, ಎಲೈಟ್‌ಬುಕ್, ಲ್ಯಾಟಿಟ್ಯೂಡ್, ಎಲ್ಲಾ ಗಟ್ಟಿ ಮಾಲು. ಬ್ಯಾಟರಿ ಬದಲಾಯಿಸಿ, ಎಸ್‌ಎಸ್‌ಡಿ ಹಾಕಿ, ಒರೆಸಿ ಕೊಟ್ಟರೆ ಇನ್ನೂ ಐದು ವರ್ಷ ದುಡಿಯುತ್ತವೆ. ಇದನ್ನು ಮಾರೋದು ಒಳ್ಳೇ ವ್ಯಾಪಾರ, ಮರ್ಯಾದಸ್ಥ ವ್ಯಾಪಾರ. ನನ್ನ ತಕರಾರು ಅದರ ಮೇಲೆ ಅಲ್ಲವೇ ಅಲ್ಲ.

ಈ ಹುಡುಗರ ಲೆಕ್ಕ ಏನು ಅಂದ್ರೆ, ವಿಂಡೋಸ್ ಇರೋ ಎಕ್ಸ್-ಲೀಸ್ ಥಿಂಕ್‌ಪ್ಯಾಡ್ ಮಾರೋರು ಸಾವಿರ ಜನ ಇದಾರೆ, ಲಾಭ ಐವತ್ತು ಅರವತ್ತು ಡಾಲರ್. ಅದೇ ಡಬ್ಬದಲ್ಲಿ ಮ್ಯಾಕ್ ಓಡಿಸಿ ತೋರಿಸಿದರೆ, ಮ್ಯಾಕ್‌ಬುಕ್ ಕೊಳ್ಳೋಕೆ ಆಗದವರು ಮುನ್ನೂರು ಹೆಚ್ಚು ಕೊಡ್ತಾರೆ. ಇದು ಹೊಸ ಬುದ್ಧಿ ಏನಲ್ಲ. ಕೆಲವು ವರ್ಷಗಳ ಹಿಂದೆ ಹ್ಯಾಕ್‌ಬುಕ್ ಅನ್ನೋ ಹೆಸರಲ್ಲಿ ಹಳೇ ಎಚ್‌ಪಿ ಎಲೈಟ್‌ಬುಕ್‌ಗಳನ್ನು ಇದೇ ಆಸೆ ತೋರಿಸಿ ಮಾರಿದವರಿದ್ದಾರೆ. 2020ರಲ್ಲಿ ಇನ್ನೊಂದು ಅಂಗಡಿ ಓಪನ್‌ಕೋರ್ ಅನ್ನೋ ಬೂಟ್ ಲೋಡರಿನ ಹೆಸರನ್ನೇ ತನ್ನ ಬೋರ್ಡಿಗೆ ಹಾಕಿಕೊಂಡು ವ್ಯಾಪಾರಕ್ಕೆ ಇಳಿಯಿತು. ಆ ಬೂಟ್ ಲೋಡರನ್ನು ಪುಗಸಟ್ಟೆ ಬರೆದುಕೊಟ್ಟ ಹುಡುಗರು ಕೂಡಲೇ "ನಮಗೂ ಇವರಿಗೂ ಯಾವ ಸಂಬಂಧವೂ ಇಲ್ಲ" ಅಂತ ಬಹಿರಂಗವಾಗಿ ಹೇಳಿದರು. ಯೋಚನೆ ಮಾಡಿ. ಬೀಗ ತೆಗೆಯೋ ಕೈ ಯಾರದೋ ಅವರೇ ಮಾರಾಟ ಬೇಡ ಅಂತಾರೆ.

ಬೀಗ ಅಂದೆನಲ್ಲ, ಅದೇನು ಅಂತ ಸ್ವಲ್ಪ ನೋಡೋಣ. ಆಪಲ್ 2005ರ ಜೂನ್‌ನಲ್ಲಿ ಇಂಟೆಲ್ ಚಿಪ್ಪಿಗೆ ಬದಲಾಗ್ತೀವಿ ಅಂತ ಘೋಷಿಸಿತು, 2006ರ ಜನವರಿಯಲ್ಲಿ ಮೊದಲ ಇಂಟೆಲ್ ಮ್ಯಾಕ್ ಬಂತು. ಅಲ್ಲಿಗೆ ಮ್ಯಾಕ್‌ನ ಒಳಗಿನ ಚಿಪ್ಪೂ ನಮ್ಮ ಎಸ್.ಪಿ. ರೋಡಿನ ಅಸೆಂಬಲ್ಡ್ ಪಿಸಿಯ ಚಿಪ್ಪೂ ಒಂದೇ ಕುಲದ್ದಾಯ್ತು. ಹಾಗಾದ್ರೆ ಮ್ಯಾಕ್ ಓಎಸ್ ಎಲ್ಲಾ ಪಿಸಿಯಲ್ಲೂ ಓಡಬೇಕಲ್ಲ? ಓಡದ ಹಾಗೆ ನೋಡಿಕೊಂಡರು. ಮ್ಯಾಕ್‌ನಲ್ಲಿ ಎಸ್‌ಎಂಸಿ ಅಂತ ಒಂದು ಸಣ್ಣ ಚಿಪ್ ಇರುತ್ತೆ. ಫ್ಯಾನು, ಬ್ಯಾಟರಿ ನೋಡ್ಕೊಳೋದು ಅದರ ಕೆಲಸ. ಜೊತೆಗೆ ಅದರಲ್ಲಿ ಒಂದು ಗುಟ್ಟಿನ ಕೀಲಿಯನ್ನೂ ಇಟ್ಟರು. ಫೈಂಡರ್, ಡಾಕ್ ಥರದ ಮುಖ್ಯ ಪ್ರೋಗ್ರಾಮ್‌ಗಳನ್ನು ಗೂಢಲಿಪಿಯಲ್ಲಿ ಇಟ್ಟು, ಆ ಕೀಲಿ ಸಿಕ್ಕರೆ ಮಾತ್ರ ಬಿಚ್ಚಿಕೊಳ್ಳೋ ಹಾಗೆ ಮಾಡಿದರು. ಈ ಕೆಲಸ ಮಾಡೋ ಫೈಲಿನ ಹೆಸರೇ "ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್"! ಕದಿಯಬೇಡಿ ಅಂತ ಬೇಡಿಕೊಳ್ಳೋ ಒಂದು ಪುಟ್ಟ ಪದ್ಯವನ್ನೂ ಒಳಗೆ ಅಡಗಿಸಿ ಇಟ್ಟಿದ್ದರು. ಇಂಜಿನಿಯರುಗಳೂ ಕವಿಗಳಾಗ್ತಾರೆ ನೋಡಿ, ಕೆಲಸದ ಒತ್ತಡ ಜಾಸ್ತಿ ಆದಾಗ.

ಹ್ಯಾಕಿಂಟಾಷ್ ಮಾಡೋದು ಅಂದ್ರೆ ಇಷ್ಟೇ: ಆ ಚಿಪ್ ಇಲ್ಲದ ಕಡೆ ಅದು ಇದೆ ಅಂತ ನಟಿಸೋ ಒಂದು ತಂತ್ರಾಂಶ, ಮತ್ತು ಈ ಥಿಂಕ್‌ಪ್ಯಾಡನ್ನು ಮ್ಯಾಕ್‌ಬುಕ್ ಪ್ರೊ ಅಂತ ಪರಿಚಯಿಸೋ ಒಂದು ಬೂಟ್ ಲೋಡರ್. ಮೊದಲು ಕ್ಯಾಮೆಲಿಯನ್ ಇತ್ತು, ಆಮೇಲೆ ಕ್ಲೋವರ್, ಈಗ ಓಪನ್‌ಕೋರ್. ಕಲಿಯೋಕೆ ಇದಕ್ಕಿಂತ ಒಳ್ಳೇ ಪಾಠಶಾಲೆ ಇಲ್ಲ. ಎಸಿಪಿಐ ಅಂದ್ರೇನು, ಕರ್ನಲ್ ಹೇಗೆ ಏಳುತ್ತೆ ಅಂತ ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ನನಗೆ ಯಾರೂ ಹೇಳಿಕೊಡದೇ ಇದ್ದದ್ದನ್ನ ಒಂದು ವಾರಾಂತ್ಯ ಇದರ ಜೊತೆ ಗುದ್ದಾಡಿದರೆ ಕಲೀಬಹುದು.

ಆದ್ರೆ ನಾವು ಮಾತಾಡ್ತಾ ಇರೋದು ಕಲಿಯೋದರ ಬಗ್ಗೆ ಅಲ್ಲ, ಮಾರೋದರ ಬಗ್ಗೆ. ನಿಮ್ಮ ಮನೆ ಮೇಜಿನ ಮೇಲೆ ಇರೋ ಹ್ಯಾಕಿಂಟಾಷ್ ಕೆಟ್ಟರೆ ರಿಪೇರಿಗೆ ನೀವಿದ್ದೀರಿ. ಹ್ಯಾಮಿಲ್ಟನ್ನಿನ ಯಾವುದೋ ನರ್ಸಮ್ಮ ಕೊಂಡ ಹ್ಯಾಕಿಂಟಾಷ್ ಕೆಟ್ಟರೆ ಯಾರಿದ್ದಾರೆ?

ಕೆಡುತ್ತೆ, ಅದರಲ್ಲಿ ಅನುಮಾನ ಬೇಡ. ಒಂದೇ ಒಂದು ಉದಾಹರಣೆ ಕೊಡ್ತೀನಿ. ಈ ಲ್ಯಾಪ್‌ಟಾಪ್‌ಗಳಲ್ಲಿ ಬರೋ ಇಂಟೆಲ್ ವೈಫೈ ಕಾರ್ಡನ್ನು ಮ್ಯಾಕ್ ಓಎಸ್ ಗುರುತಿಸೋದೇ ಇಲ್ಲ. ಅದಕ್ಕೆ ಮಾಡೋರು ಅದನ್ನು ತೆಗೆದು, ಹಳೇ ಮ್ಯಾಕ್‌ಗಳಲ್ಲಿ ಇದ್ದಂಥ ಬ್ರಾಡ್‌ಕಾಮ್ ಕಾರ್ಡ್ ಹಾಕ್ತಿದ್ದರು. ಚೆನ್ನಾಗೇ ನಡೀತಿತ್ತು. 2023ರಲ್ಲಿ ಸೊನೋಮಾ ಬಂತು, ಆ ಹಳೇ ಬ್ರಾಡ್‌ಕಾಮ್ ಕಾರ್ಡ್‌ಗಳ ಬೆಂಬಲವನ್ನು ಆಪಲ್ ಕಿತ್ತು ಹಾಕಿತು. ಈಗ ನಮ್ಮ ನರ್ಸಮ್ಮ ಏನು ಮಾಡ್ತಾರೆ? ಪರದೆಯ ಮೇಲೆ "ಅಪ್‌ಡೇಟ್ ಇದೆ" ಅಂತ ಬರುತ್ತೆ. ಬ್ಯಾಂಕಿನವರು, ಆಸ್ಪತ್ರೆಯವರು, ಎಲ್ಲರೂ ಅಪ್‌ಡೇಟ್ ಮಾಡ್ಕೊಳಿ ಅಂತ ಹೇಳಿಕೊಟ್ಟಿದ್ದಾರೆ. ಒತ್ತುತ್ತಾರೆ. ರಾತ್ರಿ ಮಲಗಿ ಬೆಳಿಗ್ಗೆ ಏಳೋಷ್ಟರಲ್ಲಿ ವೈಫೈ ಮಾಯ! ಆಪಲ್ ಅಂಗಡಿಗೆ ಹೋದರೆ ಅವರು ಡಬ್ಬದ ಮೇಲಿನ ಹೆಸರು ನೋಡಿ ಕೈ ಎತ್ತುತ್ತಾರೆ, ಲೆನೊವೊಗೆ ಹೋದರೆ ಪರದೆ ನೋಡಿ ಕೈ ಎತ್ತುತ್ತಾರೆ.

ಅಪ್‌ಡೇಟ್ ಮಾಡಬೇಡಿ ಅಂತ ಹೇಳಿ ಮಾರ್ತೀವಿ ಅಂತೀರಾ? ಅಂದ್ರೆ ಭದ್ರತೆಯ ತೇಪೆ ಹಾಕದ ಯಂತ್ರದಲ್ಲಿ ಆಕೆ ಬ್ಯಾಂಕಿನ ಪಾಸ್‌ವರ್ಡ್ ಹೊಡೀಬೇಕು. ಅದನ್ನ ಜಾಹೀರಾತಿನಲ್ಲಿ ಬರೀತೀರಾ?

ಇನ್ನೊಂದು, ಜನ ಗಮನಿಸದೇ ಇರೋದು, ಸೀರಿಯಲ್ ನಂಬರ್. ಐಮೆಸೇಜ್, ಐಕ್ಲೌಡ್ ನಡೀಬೇಕು ಅಂದ್ರೆ ಆ ಥಿಂಕ್‌ಪ್ಯಾಡಿಗೆ ಒಂದು ಮ್ಯಾಕ್ ಸೀರಿಯಲ್ ನಂಬರನ್ನು ಹುಟ್ಟಿಸಿ ಕೊಡಬೇಕು. ಹತ್ತು ಲ್ಯಾಪ್‌ಟಾಪ್‌ಗೆ ಒಂದೇ ಡಿಸ್ಕ್ ಇಮೇಜ್ ಹೊಡೆದು ಬಿಟ್ಟರೆ ಹತ್ತಕ್ಕೂ ಒಂದೇ ನಂಬರ್. ಒಂದೇ ರಿಜಿಸ್ಟ್ರೇಷನ್ ಪ್ಲೇಟ್ ಹಾಕಿಕೊಂಡು ಹತ್ತು ಆಟೋ ಓಡಿಸಿದ ಹಾಗೆ. ಯಾವತ್ತಾದರೂ ಸರ್ವರಿನವರು ಆ ನಂಬರನ್ನು ತಡೆದರೆ ಹತ್ತು ಮನೆಯಲ್ಲಿ ಒಂದೇ ದಿನ ದೀಪ ಆರುತ್ತೆ. ಹತ್ತಕ್ಕೂ ಬೇರೆ ಬೇರೆ ಹುಟ್ಟಿಸಿದರೂ, ಮಾರ್ತಾ ಇರೋದು ಸುಳ್ಳು ನಂಬರಿನ ಗಾಡಿಯೇ.

ಸರಿ, ಕಾನೂನಿಗೆ ಬರೋಣ. ಇಲ್ಲಿ ನಮ್ಮ ಹುಡುಗರ ವಾದ ಕೇಳೋಕೆ ಚೆಂದ: "ನಾನು ಕದ್ದಿಲ್ಲ ಅಣ್ಣ, ಅದು ಪುಗಸಟ್ಟೆ ಡೌನ್‌ಲೋಡ್. ಕಾಸು ಕೊಟ್ಟು ಕೊಂಡ ಲ್ಯಾಪ್‌ಟಾಪ್ ನಂದು. ನನ್ನ ವಸ್ತು, ನನ್ನಿಷ್ಟ." ಇದೇ ವಾದವನ್ನು ಇದಕ್ಕಿಂತ ಗಟ್ಟಿಯಾಗಿ ಕೋರ್ಟಿನಲ್ಲಿ ಮಂಡಿಸಿದವರು ಇದ್ದರು. ಫ್ಲಾರಿಡಾದ ಸೈಸ್ಟಾರ್ ಅನ್ನೋ ಕಂಪನಿ. 2008ರ ಏಪ್ರಿಲ್‌ನಲ್ಲಿ ಓಪನ್ ಕಂಪ್ಯೂಟರ್ ಅಂತ ಒಂದು ಪಿಸಿಯನ್ನು ಮ್ಯಾಕ್ ಓಎಸ್ ಜೊತೆ ಮಾರೋಕೆ ಶುರು ಮಾಡಿತು. ಆಗ ಮ್ಯಾಕ್ ಓಎಸ್ ಡಬ್ಬದಲ್ಲಿ 129 ಡಾಲರಿಗೆ ಸಿಗ್ತಿತ್ತು. ಸೈಸ್ಟಾರ್‌ನವರು ನಿಯತ್ತಾಗಿ ಡಬ್ಬಗಳನ್ನು ಕೊಂಡು, ಒಂದೊಂದು ಯಂತ್ರದ ಜೊತೆ ಒಂದೊಂದು ಕೊಡ್ತಿದ್ದರು. ಆಪಲ್‌ಗೆ ಬರಬೇಕಾದ ಕಾಸು ಬಂದಿದೆಯಲ್ಲ ಸ್ವಾಮಿ, ಇನ್ನೇನು ತೊಂದರೆ?

ತೊಂದರೆ ಎಲ್ಲಿತ್ತು ಅಂದ್ರೆ, ಯಂತ್ರದ ಒಳಗೆ ಇದ್ದದ್ದು ಆ ಡಬ್ಬದ ಪ್ರತಿ ಅಲ್ಲ. ಒಂದು ಕಡೆ ತಿದ್ದಿ ತಯಾರಿಸಿದ ಮೂಲ ಪ್ರತಿ ಇಟ್ಟುಕೊಂಡು, ಅದನ್ನೇ ಎಲ್ಲಾ ಯಂತ್ರಗಳಿಗೂ ಇಳಿಸ್ತಿದ್ದರು. ಬೆಂಗಳೂರಿನ ಅವೆನ್ಯೂ ರೋಡ್ ನೆನಪಿಸಿಕೊಳ್ಳಿ. ನೀವು ಕೊಂಡ ಪುಸ್ತಕವನ್ನ ಅಲ್ಲಿ ಸೆಕೆಂಡ್ ಹ್ಯಾಂಡ್ ಮಾರಿದರೆ ಯಾರೂ ಕೇಳಲ್ಲ. ಆದ್ರೆ ಒಂದು ಪುಸ್ತಕಕ್ಕೆ ನಾಲ್ಕು ಪುಟ ಸೇರಿಸಿ, ನಾಲ್ಕು ಪುಟ ಹರಿದು, ನೂರು ಜೆರಾಕ್ಸ್ ತೆಗೆದು, ಒಂದೊಂದು ಜೆರಾಕ್ಸ್ ಜೊತೆ ಒಂದೊಂದು ಅಸಲಿ ಪುಸ್ತಕ ಕಟ್ಟಿ ಕೊಡ್ತೀನಿ ಅಂದ್ರೆ? ಜೆರಾಕ್ಸ್ ಜೆರಾಕ್ಸೇ. ನ್ಯಾಯಾಧೀಶ ವಿಲಿಯಂ ಆಲ್ಸಪ್ 2009ರ ನವೆಂಬರ್‌ನಲ್ಲಿ ಆಪಲ್ ಪರ ತೀರ್ಪು ಕೊಟ್ಟರು: ನಕಲು ಮಾಡಿದ್ದು ತಪ್ಪು, ತಿದ್ದಿದ್ದು ತಪ್ಪು, ಬೀಗ ಒಡೆದದ್ದೂ ತಪ್ಪು. ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಶಾಶ್ವತ ತಡೆ ಬಿತ್ತು. ಪರಿಹಾರ, ವಕೀಲರ ಖರ್ಚು ಸೇರಿ ಸುಮಾರು 27 ಲಕ್ಷ ಡಾಲರಿಗೆ ಒಪ್ಪಂದ ಆಯ್ತು. ಮೇಲಿನ ಕೋರ್ಟು 2011ರಲ್ಲಿ ಅದನ್ನೇ ಎತ್ತಿ ಹಿಡಿಯಿತು, 2012ರಲ್ಲಿ ಸುಪ್ರೀಂ ಕೋರ್ಟು ಕೇಸನ್ನ ಕೈಗೆತ್ತಿಕೊಳ್ಳೋಕೇ ಒಪ್ಪಲಿಲ್ಲ.

ಕಾಸು ಕೊಟ್ಟು ಕೊಂಡವರ ಕತೆಯೇ ಹೀಗೆ. ಈಗ ಮ್ಯಾಕ್ ಓಎಸ್ ಡಬ್ಬದಲ್ಲಿ ಸಿಗೋದೂ ಇಲ್ಲ. ಪುಗಸಟ್ಟೆ ಇಳಿಸಿಕೊಳ್ಳಬಹುದು ನಿಜ, ಆದ್ರೆ ಆಪಲ್ ಹೆಸರಿನ ಕಂಪ್ಯೂಟರ್ ಮೇಲೆ ಮಾತ್ರ ಅನ್ನೋ ಷರತ್ತಿನ ಮೇಲೆ. ಪುಗಸಟ್ಟೆ ಅಂದ ಮಾತ್ರಕ್ಕೆ ಮಾರೋ ಹಕ್ಕು ಬರಲ್ಲ. ದೇವಸ್ಥಾನದಲ್ಲಿ ಪ್ರಸಾದ ಪುಗಸಟ್ಟೆ, ಅದನ್ನ ಪೊಟ್ಟಣ ಕಟ್ಟಿ ಆಚೆ ಮಾರಿ ನೋಡಿ.

"ಅದು ಅಮೆರಿಕ, ಇದು ನ್ಯೂಜಿಲೆಂಡ್" ಅನ್ನೋರು ಇರ್ತಾರೆ. ಇಲ್ಲಿನ ಕತೆ ಇನ್ನೂ ಹಳೇದು. 1989ರಲ್ಲಿ ಇಲ್ಲಿನ ಹೈಕೋರ್ಟಿನಲ್ಲಿ ಐಬಿಎಂ, ಕಂಪ್ಯೂಟರ್ ಇಂಪೋರ್ಟ್ಸ್ ಅನ್ನೋ ಕಂಪನಿ ಮೇಲೆ ಕೇಸು ಹಾಕಿತ್ತು. ಐಬಿಎಂ ಥರದ್ದೇ ಪಿಸಿಗಳನ್ನ ತರಿಸಿ ಮಾರ್ತಿದ್ದರು, ಅವುಗಳ ಒಳಗೆ ಬಯೋಸ್ ನಕಲು. ಚಿಪ್ಪಿನ ಒಳಗೆ ಸೊನ್ನೆ ಒಂದುಗಳಾಗಿ ಕೂತಿರೋ ಪ್ರೋಗ್ರಾಮಿಗೂ ಕಾಪಿರೈಟ್ ರಕ್ಷಣೆ ಇದೆ ಅಂತ ಕೋರ್ಟು ಹೇಳಿತು. ಪಕ್ಕದ ಆಸ್ಟ್ರೇಲಿಯಾದಲ್ಲಿ ಇನ್ನೂ ಮಜಾ. ಅಲ್ಲಿ ಆಪಲ್-2 ಥರದ ಯಂತ್ರವನ್ನ ವೊಂಬ್ಯಾಟ್ ಅನ್ನೋ ಹೆಸರಲ್ಲಿ ಮಾರಿದರು. ಹಳೇ ಕಾಯ್ದೆಯ ಪ್ರಕಾರ ಚಿಪ್ಪಿನಲ್ಲಿರೋ ಪ್ರೋಗ್ರಾಮ್ ಸಾಹಿತ್ಯ ಕೃತಿ ಅಲ್ಲ ಅಂತ 1986ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು ವೊಂಬ್ಯಾಟಿನವರನ್ನೇ ಗೆಲ್ಲಿಸಿತು. ಗೆದ್ದು ಏನು ಪ್ರಯೋಜನ? ಅಷ್ಟರಲ್ಲಿ, 1984ರಲ್ಲೇ, ಸಂಸತ್ತು ಕಾಯ್ದೆ ತಿದ್ದಿ ಆಗಿತ್ತು.

ಇವತ್ತು ಇಲ್ಲಿ ನಡೆಯೋದು 1994ರ ಕಾಪಿರೈಟ್ ಕಾಯ್ದೆ. ವ್ಯಾಪಾರಕ್ಕಾಗಿ, ಗೊತ್ತಿದ್ದೂ ಗೊತ್ತಿದ್ದೂ ನಕಲು ಮಾಡಿ ಮಾರಿದರೆ ಒಂದೊಂದು ಪ್ರತಿಗೆ 10,000 ಡಾಲರ್ ವರೆಗೆ, ಒಂದು ವ್ಯವಹಾರಕ್ಕೆ 1,50,000 ಡಾಲರ್ ವರೆಗೆ ದಂಡ, ಇಲ್ಲವೇ 5 ವರ್ಷದವರೆಗೆ ಜೈಲು. ಅಷ್ಟು ದೂರ ಯಾರೂ ಹೋಗಲ್ಲ, ನಾಲ್ಕು ಲ್ಯಾಪ್‌ಟಾಪ್‌ಗೆ ಆಪಲ್ ವಕೀಲರನ್ನ ಕಳಿಸಲ್ಲ ಅಂತೀರಾ? ಇರಬಹುದು. ನಿಮ್ಮನ್ನ ಹಿಡಿಯೋದು ಆಪಲ್ ಅಲ್ಲ, ನರ್ಸಮ್ಮ.

1993ರ ಕನ್ಸ್ಯೂಮರ್ ಗ್ಯಾರಂಟೀಸ್ ಆಕ್ಟ್ ಅಂತ ಒಂದಿದೆ. ನಾವು ಊರಲ್ಲಿ "ಒಮ್ಮೆ ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ" ಅನ್ನೋ ಬೋರ್ಡ್ ನೋಡಿ ಬೆಳೆದವರು, ಹಾಗಾಗಿ ಇದರ ಬಿಸಿ ನಮಗೆ ಬೇಗ ಗೊತ್ತಾಗಲ್ಲ. ವ್ಯಾಪಾರಿ ಮಾರಿದ ವಸ್ತು, ಸೆಕೆಂಡ್ ಹ್ಯಾಂಡೇ ಆಗಲಿ, ಅದರ ಬೆಲೆಗೆ ತಕ್ಕ ಗುಣಮಟ್ಟ ಇರಬೇಕು, ಹೇಳಿದ ವಿವರಣೆಗೆ ಹೊಂದಬೇಕು, ಮಾರೋ ಹಕ್ಕು ಮಾರಿದವನಿಗೆ ಇರಬೇಕು. ಇಲ್ಲದಿದ್ರೆ ರಿಪೇರಿ, ಬದಲಿ, ಇಲ್ಲವೇ ದುಡ್ಡು ವಾಪಸ್. ಹಿಂದೆ ಹರಾಜಿನಲ್ಲಿ ಮಾರಿದ್ದಕ್ಕೆ ಇದರಿಂದ ವಿನಾಯಿತಿ ಇತ್ತು. 2014ರ ಜೂನ್ 17ರಿಂದ ಅದೂ ಹೋಯ್ತು. "ಇದ್ದದ್ದು ಇದ್ದ ಹಾಗೆ, ಗ್ಯಾರಂಟಿ ಇಲ್ಲ" ಅಂತ ಕೆಳಗೆ ಸಣ್ಣದಾಗಿ ಬರೆದು ಕೈ ತೊಳೆದುಕೊಳ್ಳೋಕೆ ವ್ಯಾಪಾರಿಗೆ ಅವಕಾಶ ಇಲ್ಲ. ಮಾರೋದಕ್ಕೆ ಅಂತಲೇ ಕೊಂಡು ಮಾರ್ತಾ ಇದ್ರೆ, ಅಂಗಡಿ ನಿಮ್ಮ ಗರಾಜ್ ಆಗಿದ್ರೂ ನೀವು ವ್ಯಾಪಾರಿನೇ.

ಇನ್ನು ಓದೋ ಹುಡುಗರಿಗೆ ಒಂದು ಮಾತು. ಸ್ಟೂಡೆಂಟ್ ವೀಸಾದಲ್ಲಿ ದುಡಿಯೋ ಗಂಟೆಗಳನ್ನು 2025ರ ನವೆಂಬರ್‌ನಲ್ಲಿ ವಾರಕ್ಕೆ 20ರಿಂದ 25ಕ್ಕೆ ಏರಿಸಿದರು ಅಂತ ಎಲ್ಲರೂ ಖುಷಿ ಪಟ್ಟಿರಿ. ಅದು ಇನ್ನೊಬ್ಬರ ಹತ್ರ ಕೆಲಸಕ್ಕೆ ಹೋಗೋ ಗಂಟೆ. ಸ್ವಂತ ವ್ಯಾಪಾರಕ್ಕೆ ಆ ವೀಸಾದಲ್ಲಿ ಜಾಗ ಇಲ್ಲ. ಹೆಸರು ಬರೆದುಕೊಟ್ಟ ಕಂಪನಿಗೆ ಕಟ್ಟುಬಿದ್ದ ವರ್ಕ್ ವೀಸಾದವರಿಗೂ ಅದೇ. ಆಮೇಲೆ ರೆಸಿಡೆನ್ಸಿಗೆ ಹೋದಾಗ ನಿಮ್ಮ ನಡತೆಯ ಕಾಗದ ಕೇಳ್ತಾರೆ. ಊರಲ್ಲಿ ಅಪ್ಪ ತೋಟ ಅಡವಿಟ್ಟು ಕಳಿಸಿರೋದು ಮುನ್ನೂರು ಡಾಲರ್ ಲಾಭಕ್ಕಲ್ಲ. ಇದನ್ನ ಗದರಿಸೋಕೆ ಹೇಳ್ತಿಲ್ಲ, ಈ ಕೋಣೆಯಲ್ಲಿ ಇರೋ ಎಲ್ಲರಿಗೂ ಆ ಲೆಕ್ಕ ಗೊತ್ತು.

ಹಾಗಂತ ನಾನು ಆಪಲ್ ವಕೀಲ ಅಲ್ಲ. ಒಂದು ಕಡೆ ಕೂತು ಯೋಚಿಸಿದರೆ ಸಿಟ್ಟೇ ಬರುತ್ತೆ. ಗಟ್ಟಿಮುಟ್ಟಾದ ಯಂತ್ರ ಒಂದಿದೆ, ಓಡಬಲ್ಲ ತಂತ್ರಾಂಶ ಒಂದಿದೆ, ಮಧ್ಯೆ ಇರೋದು ಒಂದು ಷರತ್ತಿನ ಕಾಗದ. ಮೈಕ್ರೋಸಾಫ್ಟ್‌ನವರೂ ಕಮ್ಮಿ ಏನಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಸಿದರು, ವಿಂಡೋಸ್ 11ಕ್ಕೆ ಇಂಟೆಲ್ 8ನೇ ಪೀಳಿಗೆಗಿಂತ ಹಳೇ ಚಿಪ್ಪು ಸಾಮಾನ್ಯವಾಗಿ ಆಗಲ್ಲ ಅಂದರು. ಎಷ್ಟೋ ಒಳ್ಳೇ ಲ್ಯಾಪ್‌ಟಾಪ್‌ಗಳು ಒಂದೇ ದಿನ ಕಸದ ಸಾಲಿಗೆ ಬಂದವು. ಅಮೆರಿಕದಲ್ಲಿ ಎರಿಕ್ ಲುಂಡ್‌ಗ್ರೆನ್ ಅನ್ನೋರು ಹಳೇ ಕಂಪ್ಯೂಟರ್ ಮತ್ತೆ ಬಳಕೆಗೆ ಬರಲಿ ಅಂತ ವಿಂಡೋಸ್ ರಿಸ್ಟೋರ್ ಡಿಸ್ಕುಗಳನ್ನು ಚೀನಾದಲ್ಲಿ 28,000 ಮಾಡಿಸಿದರು. ಪುಗಸಟ್ಟೆ ಡೌನ್‌ಲೋಡ್ ಆಗೋ ತಂತ್ರಾಂಶ ಅದು, ಲೈಸೆನ್ಸ್ ಇರೋ ಯಂತ್ರಕ್ಕೆ ಮಾತ್ರ ಉಪಯೋಗ. ಆದ್ರೂ 2018ರಲ್ಲಿ 15 ತಿಂಗಳ ಜೈಲು ಶಿಕ್ಷೆ ಖಾಯಂ ಆಯ್ತು. ಇದು ಅತಿ ಅಂತ ನನ್ನ ಅಭಿಪ್ರಾಯ. ಆದ್ರೆ ಅತಿ ಅಂತ ನಾವು ಅಂದುಕೊಂಡರೆ ಕೋರ್ಟು ಒಪ್ಪಬೇಕಲ್ಲ!

ಮತ್ತೆ ದೊಡ್ಡ ಕಂಪನಿಗಳ ಗೋಡೆ ದಾಟಿದವರು ಯಾರೂ ಇಲ್ಲವಾ? ಇದ್ದಾರೆ, ನಾವೆಲ್ಲ ಅವರ ಅನ್ನ ತಿನ್ನುವವರೇ. 1982ರ ಕೊನೆಗೆ ಕಾಂಪ್ಯಾಕ್‌ನವರು ಐಬಿಎಂ ಪಿಸಿಗೆ ಹೊಂದೋ ಯಂತ್ರ ಘೋಷಿಸಿದರು. ಅವರು ಬಯೋಸನ್ನ ನಕಲು ಮಾಡಲಿಲ್ಲ. ಐಬಿಎಂ ಕೋಡು ಕಣ್ಣಿಂದಲೂ ನೋಡದ ಇಂಜಿನಿಯರುಗಳನ್ನ ಕೂರಿಸಿ, ಅದು ಏನು ಮಾಡುತ್ತೆ ಅನ್ನೋದನ್ನ ಮಾತ್ರ ಹೇಳಿ, ಹೊಸದಾಗಿ ಬರೆಸಿದರು. ಆಮೇಲೆ ಫೀನಿಕ್ಸ್‌ನವರು ಅದೇ ದಾರಿಯಲ್ಲಿ ಬಯೋಸ್ ಬರೆದು ಎಲ್ಲರಿಗೂ ಮಾರಿದರು. ಎಸ್.ಪಿ. ರೋಡು ಹುಟ್ಟಿದ್ದೇ ಅಲ್ಲಿಂದ, ಬೆಂಗಳೂರಿನ ಅರ್ಧ ಕಂಪ್ಯೂಟರುಗಳು ಬಂದದ್ದೂ ಅಲ್ಲಿಂದ. ಬರೆದು ಗೆದ್ದರು, ಜೆರಾಕ್ಸ್ ಮಾಡಿ ಅಲ್ಲ. ಲಿನಕ್ಸ್ ಕೂಡ ಇದೇ ಥರ, ಹೊಸದಾಗಿ ಬರೆದದ್ದು.

ಹಾಗಾದ್ರೆ ಏನು ಮಾರಬೇಕು? ವ್ಯಾಪಾರ ಮಾಡೋ ಹಕ್ಕು ಇರೋರಿಗೆ ಹೇಳ್ತೀನಿ. 2018ರ ಥಿಂಕ್‌ಪ್ಯಾಡ್ ಟಿ480 ತಗೊಳ್ಳಿ. 8ನೇ ಪೀಳಿಗೆ ಚಿಪ್ ಇರೋ ಮಾಡೆಲ್ ಆದ್ರೆ ವಿಂಡೋಸ್ 11 ಅಧಿಕೃತವಾಗೇ ಓಡುತ್ತೆ. ವಿಂಡೋಸ್ ಜೊತೆ ಮಾರಾಟ ಆದ ಇಂಥ ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡಿನ ಒಳಗೇ ಲೈಸೆನ್ಸ್ ಕೀಲಿ ಕೂತಿರುತ್ತೆ. ಅಂದ್ರೆ ಕಾಸು ಕೊಟ್ಟ ಲೈಸೆನ್ಸ್ ನಿಮ್ಮ ಕೈಯಲ್ಲಿ ಇರುವಾಗಲೇ, ಅದನ್ನ ಅಳಿಸಿ ಇಲ್ಲದ ಲೈಸೆನ್ಸಿನದ್ದು ಹಾಕಿ ಹೆಚ್ಚು ಬೆಲೆಗೆ ಮಾರೋಕೆ ಹೊರಟಿದ್ದೀರಿ. ಅದೂ ಯಾವಾಗ? 2025ರಲ್ಲಿ ಬಂದ ಟಾಹೋನೇ ಇಂಟೆಲ್ ಮೇಲೆ ಓಡೋ ಕೊನೇ ಮ್ಯಾಕ್ ಓಎಸ್ ಅಂತ ಆಪಲ್ ಸಾರಿ ಹೇಳಿದ ಮೇಲೆ! ಮುಳುಗೋ ದೋಣಿಗೆ ಟಿಕೆಟ್ ಮಾರೋ ಕೆಲಸ.

ಅದಕ್ಕಿಂತ ಹಳೇ ಯಂತ್ರವಾದ್ರೆ ಲಿನಕ್ಸ್ ಹಾಕಿ, ಲಿನಕ್ಸ್ ಅಂತಲೇ ಹೇಳಿ ಮಾರಿ. ಮಿಂಟ್, ಉಬುಂಟು, ಯಾವುದಾದ್ರೂ ಸರಿ. ಮಾರಬೇಡ ಅನ್ನೋರಿಲ್ಲ, ನಕಲು ಮಾಡಬೇಡ ಅನ್ನೋರಿಲ್ಲ. ಬೆಲೆ ಕಮ್ಮಿ ಸಿಗುತ್ತೆ, ಒಪ್ಪಿದೆ. ಮೇಲ್, ಬ್ಯಾಂಕು, ಯೂಟ್ಯೂಬು, ಊರಿನವರ ಜೊತೆ ವಿಡಿಯೋ ಕಾಲು, ನಮ್ಮಲ್ಲಿ ಬಹುಪಾಲು ಜನಕ್ಕೆ ಬೇಕಾದದ್ದು ಅಷ್ಟೇ, ಅದೆಲ್ಲ ಬ್ರೌಸರಿನಲ್ಲೇ ನಡೆಯುತ್ತೆ. ಇನ್ನೊಂದು ಖುಷಿ ಇದೆ. ಲಿನಕ್ಸಿನ ಕೀಬೋರ್ಡ್ ಪಟ್ಟಿ ತೆರೆದು ಕನ್ನಡ ಅಂತ ಹುಡುಕಿದ್ರೆ ಅದರಲ್ಲಿ "ಕಗಪ" ಅಂತ ಹೆಸರಿರೋ ವಿನ್ಯಾಸ ಸಿಗುತ್ತೆ. ಕನ್ನಡ ಗಣಕ ಪರಿಷತ್ತಿನ ಕಗಪ! ಪ್ರಪಂಚದ ಯಾವ ಮೂಲೆಯಲ್ಲಿ ಉಬುಂಟು ಹಾಕಿದರೂ ಆ ಹೆಸರು ಅದರ ಜೊತೆ ಹೋಗುತ್ತೆ. ಯಾವ ಕಂಪನಿಯ ಅಪ್ಪಣೆಯೂ ಬೇಕಾಗಿಲ್ಲ.

ಮ್ಯಾಕೇ ಬೇಕು ಅನ್ನೋ ಗಿರಾಕಿಗೆ ಹಳೇ ಮ್ಯಾಕ್‌ಬುಕ್ಕೇ ರಿಪೇರಿ ಮಾಡಿ ಕೊಡಿ. ಆಪಲ್ ಕೈಬಿಟ್ಟ ಮ್ಯಾಕ್‌ಗಳಿಗೆ ಹೊಸ ಆವೃತ್ತಿ ಕೂರಿಸೋ ಓಪನ್‌ಕೋರ್ ಲೆಗಸಿ ಪ್ಯಾಚರ್ ಇದೆ. ಅದು ಆಪಲ್ ಹೆಸರಿನ ಕಂಪ್ಯೂಟರೇ ಆದ್ದರಿಂದ ಆ ದೊಡ್ಡ ಷರತ್ತು ಮುರಿಯಲ್ಲ. ಆದ್ರೆ ಅದರಲ್ಲೂ ಅಪ್‌ಡೇಟ್ ಒತ್ತಿದ್ರೆ ಎಡವಟ್ಟು ಆಗಬಹುದು, ಇದು ಅಧಿಕೃತ ಅಲ್ಲ ಅಂತ ಕೊಳ್ಳೋರಿಗೆ ಮೊದಲೇ, ದೊಡ್ಡ ಅಕ್ಷರದಲ್ಲಿ ಹೇಳಿ. ಹೇಳಿದ ಮೇಲೂ ಅವರು ಕೊಂಡರೆ ಅದು ನೇರ ವ್ಯಾಪಾರ.

ಮನೆಯಲ್ಲಿ ಹ್ಯಾಕಿಂಟಾಷ್ ಇಟ್ಟುಕೊಂಡಿರೋರು ಇಟ್ಕೊಳಿ, ನನ್ನ ಕೇಳಿ ಏನಾಗಬೇಕಿಲ್ಲ. ಮಾರೋ ಮುಂಚೆ ಮಾತ್ರ ಆ ಡಿಸ್ಕ್ ಒರೆಸಿ ಕೊಡಿ.

ಕಾರಿನಲ್ಲಿ ನಾಲ್ಕು ಪೆನ್‌ಡ್ರೈವ್ ಇವೆ, ಎರಡರಲ್ಲಿ ಮಿಂಟ್, ಎರಡರಲ್ಲಿ ಉಬುಂಟು. ಊಟ ಆದ ಮೇಲೆ ಯಾರಾದ್ರೂ ಹಳೇ ಲ್ಯಾಪ್‌ಟಾಪ್ ತಂದಿದ್ದರೆ ಆ ಕಿಟಕಿ ಪಕ್ಕದ ಮೇಜಿಗೆ ಬನ್ನಿ, ಕಗಪ ಸಮೇತ ಹಾಕಿ ಕೊಡ್ತೀನಿ. ಫೋಟೋ, ಫೈಲುಗಳನ್ನ ಬೇರೆ ಕಡೆ ಇಳಿಸಿಕೊಂಡಿರಬೇಕು, ಚಾರ್ಜರ್ ನೀವೇ ತಂದಿರಬೇಕು. ಈಗ ಪ್ರಶ್ನೆಗಳಿದ್ದರೆ ಕೇಳಿ, ಆಮೇಲೆ ಊಟ.